ದಾಂಪತ್ಯವೂ ಪ್ರಮಾಣವೂ

೧

ಲೋಕದಲ್ಲಿ ಕೆಲವು ವಿಷಯಗಳಿಗೆ ಪತ್ರವುಂಟು, ಕೆಲವಕ್ಕಿಲ್ಲ. ಹೊಲಕ್ಕೆ ಪಹಣಿಯುಂಟು, ಸಾಲಕ್ಕೆ ಕರಾರುಪತ್ರವುಂಟು, ವಿದ್ಯೆಗೆ ಪದವಿಪತ್ರವುಂಟು. ಸ್ನೇಹಕ್ಕಾಗಲಿ ವಾತ್ಸಲ್ಯಕ್ಕಾಗಲಿ ಅಂತಹ ಪತ್ರವಿಲ್ಲ. ಇರಬೇಕೆಂದು ಯಾರೂ ಕೇಳುವುದೂ ಇಲ್ಲ. ಮಗುವನ್ನೆತ್ತಿಕೊಂಡು ನಿಂತ ತಾಯಿಯನ್ನು ಕುರಿತು, ನಿನಗೆ ಇದರ ಮೇಲೆ ಪ್ರೀತಿಯಿದೆಯೆಂಬುದಕ್ಕೆ ಆಧಾರವೇನು ಎಂದು ಕೇಳುವವನನ್ನು ಜನರು ಅವಿವೇಕಿಯೆಂದೇ ಎಣಿಸುವರು. ಆದರೆ ಗಂಡಹೆಂಡಿರನ್ನು ಕುರಿತು ಇದೇ ಪ್ರಶ್ನೆಯನ್ನು ಗಂಭೀರವಾಗಿ ಕೇಳುವ, ಉತ್ತರವನ್ನು ಕಾಗದದ ಮೇಲೆ ಬರೆದು ಕೊಡಬೇಕೆಂದು ವಿಧಿಸುವ ಅಧಿಕಾರಸ್ಥಾನಗಳು ಇಂದಿನ ಪ್ರಪಂಚದಲ್ಲಿ ಹಲವುಂಟು. ಒಂದು ದೇಶದವರು ಮತ್ತೊಂದು ದೇಶದಲ್ಲಿ ನೆಲಸಿರುವ ತಮ್ಮ ಸಂಗಾತಿಯನ್ನು ಕೂಡಿಕೊಳ್ಳಬೇಕಾದರೆ ಪಡೆಯತಕ್ಕ ಅನುಜ್ಞೆಗೆ ಸಂಗಾತಿ ವೀಸಾ ಎಂದು ಹೆಸರು. ಅದನ್ನು ಬೇಡುವವರು ತಮ್ಮ ಗುರುತನ್ನೂ ನಡತೆಯನ್ನೂ ಆರೋಗ್ಯವನ್ನೂ ತೋರಿಸಿದರೆ ಸಾಲದು. ತಮ್ಮ ದಾಂಪತ್ಯವು ನಿಜವಾದದ್ದೆಂಬುದನ್ನೂ ತೋರಿಸಿಕೊಡಬೇಕು.

ಕನ್ನಡನಾಡಿಗೆ ಇದು ಈಗ ದೂರದ ಸಂಗತಿಯಲ್ಲ. ಬೆಂಗಳೂರು ಮೈಸೂರುಗಳಲ್ಲಿ ಮಾತ್ರವಲ್ಲದೆ ಸಣ್ಣ ಊರುಗಳಲ್ಲಿಯೂ ಇಂತಹ ಅರ್ಜಿಯ ಕಷ್ಟವನ್ನು ಕಂಡ ಮನೆಗಳುಂಟು. ಆ ಮನೆಗಳಲ್ಲಿ ಏಳುವ ಪ್ರಶ್ನೆ ಬರಿಯ ಕಾನೂನಿನದಲ್ಲ; ಧರ್ಮದ್ದೂ ಹೌದು. ಸತ್ಯಕ್ಕೂ ಪ್ರಮಾಣಕ್ಕೂ ಇರಬೇಕಾದ ಸಂಬಂಧವೇನು? ಸತ್ಯವನ್ನು ತೋರಿಸುವುದಕ್ಕಾಗಿ ಪ್ರಮಾಣವನ್ನು ಕೂಡಿಸುವ ಕೆಲಸ ಎಲ್ಲಿಗೆ ಮುಗಿಯುತ್ತದೆ? ಪ್ರಮಾಣಕ್ಕಾಗಿ ಸತ್ಯವನ್ನೇ ತಿದ್ದುವ ಕೆಲಸ ಎಲ್ಲಿ ಮೊದಲಾಗುತ್ತದೆ?

೨

ಆಸ್ಟ್ರೇಲಿಯ ದೇಶದ ಪದ್ಧತಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿಯ ೧೯೫೮ರ ವಲಸೆ ಶಾಸನವೂ ೧೯೯೪ರ ನಿಯಮಾವಳಿಯೂ ಈ ವಿಷಯವನ್ನು ವಿವರವಾಗಿ ಹೇಳುತ್ತವೆ. ಇಬ್ಬರೂ ಇತರರನ್ನು ಬಿಟ್ಟು ಪರಸ್ಪರರೊಡನೆಯೇ ಬಾಳುವ ಸಂಕಲ್ಪವುಳ್ಳವರಾಗಿರಬೇಕು. ಸಂಬಂಧವು ನಿಜವಾದದ್ದೂ ನಡೆಯುತ್ತಿರುವಂಥದೂ ಆಗಿರಬೇಕು. ಒಟ್ಟಿಗೆ ಬಾಳುತ್ತಿರಬೇಕು, ಇಲ್ಲವೆ ಅಗಲಿರುವುದು ಶಾಶ್ವತವಾಗಿ ಅಲ್ಲವೆಂದಿರಬೇಕು. ಇದನ್ನು ತೂಗಿ ನೋಡುವುದಕ್ಕೆ ನಾಲ್ಕು ಮುಖಗಳನ್ನು ನಿಯಮವು ಹೇಳಿದೆ. ಹಣಕಾಸಿನ ವ್ಯವಹಾರ ಹೇಗೆ ಹಂಚಿಕೊಂಡಿದೆ ಎಂಬುದು ಮೊದಲನೆಯದು. ಮನೆವಾರ್ತೆ ಹೇಗೆ ನಡೆಯುತ್ತದೆ ಎಂಬುದು ಎರಡನೆಯದು. ನೆಂಟರೂ ಸ್ನೇಹಿತರೂ ಇವರನ್ನು ದಂಪತಿಗಳೆಂದು ಬಲ್ಲರೆ ಎಂಬುದು ಮೂರನೆಯದು. ಒಬ್ಬರಿಗೊಬ್ಬರು ಎಷ್ಟರಮಟ್ಟಿಗೆ ಬದ್ಧರು ಎಂಬುದು ನಾಲ್ಕನೆಯದು. ಇವಕ್ಕಾಗಿ ಬ್ಯಾಂಕಿನ ಜಂಟಿ ಖಾತೆ, ಬಾಡಿಗೆಯ ಕರಾರು, ಭಾವಚಿತ್ರಗಳು, ಒಬ್ಬರಿಗೊಬ್ಬರು ಕಳುಹಿಸಿದ ಸಂದೇಶಗಳು, ಬಲ್ಲವರ ಹೇಳಿಕೆಗಳು ಮುಂತಾದುವನ್ನು ಒಪ್ಪಿಸುತ್ತಾರೆ. ಮೊದಲು ಕಂಡದ್ದೆಲ್ಲಿ, ಮನಸ್ಸು ಕೂಡಿದ್ದು ಯಾವಾಗ, ಅಗಲಿದ್ದಾಗ ಕಾಲ ಕಳೆದದ್ದು ಹೇಗೆ ಎಂದು ತಮ್ಮ ಕಥೆಯನ್ನು ತಾವೇ ಬರೆದು ಕೊಡುತ್ತಾರೆ. ಅರ್ಜಿಯ ಶುಲ್ಕವೇ ೯,೦೦೦ ಡಾಲರುಗಳಿಗೆ ಮಿಕ್ಕಿದ್ದು. ಮೊದಲು ದೊರೆಯುವುದು ತಾತ್ಕಾಲಿಕ ಅನುಜ್ಞೆ. ಸಾಮಾನ್ಯವಾಗಿ ಅರ್ಜಿ ಹಾಕಿ ಎರಡು ವರ್ಷಗಳಾದ ಮೇಲೆ ಸಂಬಂಧವು ಉಳಿದಿದೆಯೆ ಎಂದು ಮತ್ತೆ ವಿಚಾರಿಸಿ ಶಾಶ್ವತವಾದುದನ್ನು ಕೊಡುತ್ತಾರೆ.

ಇಲ್ಲಿ ಒಂದು ವಿಶೇಷವುಂಟು. ವಿವಾಹ ನಡೆಯಿತೆಂಬ ಮಾತ್ರಕ್ಕೆ ಆ ಅಧಿಕಾರಿಗೆ ತೃಪ್ತಿಯಿಲ್ಲ. ವಿವಾಹ ನಡೆಯದಿದ್ದರೂ ಕೂಡಿ ಬಾಳುತ್ತಿರುವವರಿಗೆ ಆತನು ಬಾಗಿಲು ಮುಚ್ಚುವುದಿಲ್ಲ. ನಮ್ಮ ಸಮಾಜವು ಕೇಳುವುದು ಧಾರೆಯಾಯಿತೆ ಎಂದು. ಆ ರಾಜ್ಯವು ಕೇಳುವುದು ಬಾಳುವೆ ನಡೆಯುತ್ತಿದೆಯೆ ಎಂದು. ಒಂದು ಕರ್ಮವನ್ನು ನೋಡುತ್ತದೆ, ಇನ್ನೊಂದು ಜೀವನವನ್ನು ನೋಡುತ್ತೇನೆನ್ನುತ್ತದೆ. ಎರಡನೆಯದು ಮೇಲ್ನೋಟಕ್ಕೆ ಹೆಚ್ಚು ಉದಾರವಾಗಿ ಕಾಣುತ್ತದೆ. ಆದರೆ ಕಷ್ಟವಿರುವುದೂ ಅದರಲ್ಲಿಯೇ. ಕರ್ಮವನ್ನು ಕಣ್ಣಾರೆ ಕಾಣಬಹುದು. ಜೀವನದ ಒಳಗನ್ನು ಕಾಣುವವರು ಯಾರು?

೩

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವ ದೃಷ್ಟಾಂತವನ್ನು ತರ್ಕಶಾಸ್ತ್ರದ ಮೊದಲ ಪಾಠವನ್ನು ಓದಿದವರೆಲ್ಲರೂ ಬಲ್ಲರು. ವೀಸಾ ಕೊಡುವ ಅಧಿಕಾರಿಯ ಕೆಲಸವೂ ಅಂತಹುದೇ. ಆತನಿಗೆ ಬೆಂಕಿ ಕಾಣುವುದಿಲ್ಲ. ಕಾಣುವುದು ಹೊಗೆ ಮಾತ್ರ. ಸಂದೇಶಗಳೂ ಭಾವಚಿತ್ರಗಳೂ ಜಂಟಿ ಖಾತೆಯೂ ಹೊಗೆ. ಅವುಗಳಿಂದ ಆತನು ಒಲವೆಂಬ ಬೆಂಕಿಯನ್ನು ಅನುಮಾನಿಸಬೇಕು. ಈ ಅನುಮಾನದಲ್ಲಿ ಎರಡು ಅಪಾಯಗಳುಂಟೆಂದು ಶಾಸ್ತ್ರವೇ ಎಚ್ಚರಿಸಿದೆ. ದೂರದ ಮಂಜನ್ನೋ ಧೂಳನ್ನೋ ಹೊಗೆಯೆಂದು ಭ್ರಮಿಸಬಹುದು. ಆಗ ಬೆಂಕಿಯಿಲ್ಲದಲ್ಲಿ ಬೆಂಕಿಯನ್ನು ಕಂಡಂತಾಗುತ್ತದೆ. ಮತ್ತೊಂದು ಕಡೆ, ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ. ಹೊಗೆಯಿಲ್ಲದ್ದರಿಂದ ಬೆಂಕಿಯೂ ಇಲ್ಲವೆಂದು ತೀರ್ಮಾನಿಸುವವನು ಕೈಸುಟ್ಟುಕೊಳ್ಳುವನು.

ಈ ಎರಡನೆಯ ಅಪಾಯವನ್ನು ನಮ್ಮ ಮನೆಗಳನ್ನು ನೆನೆದು ಯೋಚಿಸಬೇಕು. ಹಿಂದಿನ ತಲೆಮಾರಿನಲ್ಲಿ ಐವತ್ತು ವರ್ಷ ಕೂಡಿ ಬಾಳಿದ ಎಷ್ಟೋ ದಂಪತಿಗಳು ಒಬ್ಬರಿಗೊಬ್ಬರು ಒಂದು ಕಾಗದವನ್ನೂ ಬರೆದವರಲ್ಲ. ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಗಂಡ ಹತ್ತು ಜನರೆದುರಿಗೆ ಹೆಂಡತಿಯೊಡನೆ ನಗೆಯಾಡಿದವನಲ್ಲ. ಮದುವೆಯ ದಿನ ತೆಗೆಸಿದ ಚಿತ್ರವೊಂದು ಗೋಡೆಯ ಮೇಲಿದ್ದರೆ ಅದೇ ಹೆಚ್ಚು. ಆತನು ಸಂತೆಯಿಂದ ಬರುವುದು ತಡವಾದರೆ ಈಕೆ ಊಟ ಮಾಡದೆ ಕಾಯುತ್ತಿದ್ದಳು. ಈಕೆಗೆ ಜ್ವರ ಬಂದ ರಾತ್ರಿ ಆತನು ಜಗಲಿಯ ಮೇಲೆ ನಿದ್ರೆಯಿಲ್ಲದೆ ಕುಳಿತಿರುತ್ತಿದ್ದನು. ಅದಕ್ಕೆ ದಾಖಲೆಯೆಲ್ಲಿ? ಇಂದಿನ ನಾಲ್ಕು ಮುಖಗಳ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗುವುದು ಕಷ್ಟ. ಹಣಕಾಸೆಲ್ಲ ಅತ್ತೆಮಾವಂದಿರ ಕೈಯಲ್ಲಿದ್ದ ಅವಿಭಕ್ತ ಕುಟುಂಬದಲ್ಲಿ ಜಂಟಿ ಖಾತೆಯ ಮಾತೆಲ್ಲಿ? ಪ್ರೀತಿಯನ್ನು ಹೊರಗೆಡಹುವುದೇ ಪ್ರೀತಿಯ ಲಕ್ಷಣವೆಂಬುದು ಒಂದು ಸಮಾಜದ ರೂಢಿ. ಒಳಗಿಟ್ಟುಕೊಳ್ಳುವುದೇ ಅದರ ಘನತೆಯೆಂಬುದು ಮತ್ತೊಂದರ ರೂಢಿ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದರೆ ಅಳೆಯುವವನು ಪ್ರಾಮಾಣಿಕನಾಗಿದ್ದರೂ ಅಳತೆ ತಪ್ಪಾಗುತ್ತದೆ.

೪

ಹಾಗಾದರೆ ರಾಜ್ಯವು ಸಾಕ್ಷ್ಯವನ್ನು ಕೇಳುವುದೇ ಅನ್ಯಾಯವೆನ್ನಬೇಕೆ? ಹಾಗೆನ್ನುವವರುಂಟು. ಇಬ್ಬರ ಮನಸ್ಸು ಕೂಡಿದ ಮೇಲೆ ಮೂರನೆಯವನಿಗೆ ಅಲ್ಲಿ ಕೆಲಸವೇನು ಎಂಬುದು ಅವರ ವಾದ. ಈ ವಾದದ ಬಲವನ್ನೂ ದೌರ್ಬಲ್ಯವನ್ನೂ ತೋರಿಸುವ ಕಥೆಯೊಂದು ನಮ್ಮಲ್ಲಿ ಬಹು ಹಳೆಯದಾಗಿಯೇ ಇದೆ.

ಶಕುಂತಲೆ ದುಷ್ಯಂತನ ಸಭೆಗೆ ಬಂದು ನಿಂತಾಗ ನಡೆದದ್ದು ಇಂತಹ ವಿಚಾರಣೆಯೇ. ಕಾಳಿದಾಸನ ನಾಟಕದಲ್ಲಿ ಉಂಗುರವು ಕಳೆದುಹೋಗಿದೆ. ಗುರುತಿಲ್ಲದ್ದರಿಂದ ಹೆಂಡತಿ ಹೆಂಡತಿಯಲ್ಲವೆಂದಾಗುತ್ತಾಳೆ. ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿ ಆ ಪ್ರಸಂಗವನ್ನು ಓದಿದವರಿಗೆ, ಸತ್ಯವಂತೆಯೊಬ್ಬಳು ಒಂದು ಉಂಗುರದ ಅಭಾವದಿಂದ ಸುಳ್ಳುಗಾತಿಯೆನ್ನಿಸಿಕೊಳ್ಳುವ ಸಂಕಟ ಎಷ್ಟೆಂಬುದು ತಿಳಿದಿದೆ. ಆದರೆ ಮಹಾಭಾರತದ ಮೂಲಕಥೆಯಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಅಲ್ಲಿ ರಾಜನಿಗೆ ಎಲ್ಲವೂ ನೆನಪಿದೆ, ನೆನಪಿದ್ದೂ ಒಲ್ಲೆನೆನ್ನುತ್ತಾನೆ. ಶಕುಂತಲೆ ಹೊರಗಿನ ಸಾಕ್ಷಿಯನ್ನು ತರಲಾರದೆ, ಪ್ರತಿಯೊಬ್ಬನ ಹೃದಯದಲ್ಲಿಯೂ ಕುಳಿತು ನೋಡುತ್ತಿರುವ ಸಾಕ್ಷಿಯ ಕಡೆಗೆ ಕೈತೋರಿಸುತ್ತಾಳೆ. ಕಡೆಗೆ ಅಶರೀರವಾಣಿಯಾದ ಬಳಿಕ ರಾಜನು ಆಕೆಯನ್ನು ಸ್ವೀಕರಿಸಿ, ತನಗೆ ಮೊದಲೇ ತಿಳಿದಿತ್ತೆಂದೂ ಆಕೆಯ ಮಾತೊಂದರಿಂದಲೇ ಒಪ್ಪಿದ್ದರೆ ಲೋಕವು ಮಗನ ಜನ್ಮವನ್ನು ಶಂಕಿಸುತ್ತಿತ್ತೆಂದೂ ಹೇಳುತ್ತಾನೆ.

ದುಷ್ಯಂತನ ನಡತೆಯನ್ನು ಮೆಚ್ಚದವರೂ ಆತನ ಮಾತಿನಲ್ಲಿರುವ ತತ್ತ್ವವನ್ನು ಅಲ್ಲಗಳೆಯಲಾರರು. ಒಲವು ಇಬ್ಬರದು; ಆದರೆ ವಿವಾಹವು ಲೋಕದ ಮೇಲೆ ಕೆಲವು ಹಕ್ಕುಗಳನ್ನು ಸಾಧಿಸುತ್ತದೆ. ಮಗನಿಗೆ ಪಟ್ಟ, ವಿಧವೆಗೆ ಆಸ್ತಿ, ಸಂಗಾತಿಗೆ ಪರದೇಶದಲ್ಲಿ ನೆಲೆ, ಇವೆಲ್ಲ ಲೋಕವು ಕೊಡಬೇಕಾದುವು. ಕೊಡುವವನು ಕೇಳುವುದು ನ್ಯಾಯ. ಅಗ್ನಿಯನ್ನು ಸಾಕ್ಷಿಯಾಗಿಟ್ಟುಕೊಂಡು, ನೆರೆದವರ ಕೈಯಿಂದ ಅಕ್ಷತೆ ಹಾಕಿಸಿಕೊಂಡು ಮದುವೆ ನಡೆಸಿದ ಹಿರಿಯರು ಸಾಕ್ಷಿಯ ಬೆಲೆಯನ್ನು ಅರಿತವರೇ ಆಗಿದ್ದರು. ಆದುದರಿಂದ ಸಾಕ್ಷ್ಯವನ್ನು ಕೇಳುವುದು ಅವಮಾನವಲ್ಲ. ಏನನ್ನು ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ವಿಚಾರಣೀಯ.

ನಿಲ್ಲಿಸಬೇಕಾದಲ್ಲಿ ನಿಲ್ಲಿಸದ ರಾಜ್ಯಗಳ ಚರಿತ್ರೆ ಕಹಿಯಾದದ್ದು. ೧೯೭೯ರ ಜನವರಿಯಲ್ಲಿ, ಮದುವೆಯಾಗಲೆಂದು ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣಕ್ಕೆ ಬಂದಿಳಿದ ಭಾರತೀಯ ಉಪಾಧ್ಯಾಯಿನಿಯೊಬ್ಬಳನ್ನು, ಆಕೆ ಕನ್ಯೆಯೇ ಎಂದು ದೇಹಪರೀಕ್ಷೆಗೆ ಗುರಿಪಡಿಸಿದರು. ಸುದ್ದಿ ಹೊರಬಿದ್ದು ಕೋಲಾಹಲವಾದ ಮೇಲೆ ಆ ಪದ್ಧತಿ ನಿಂತಿತು. ಅದೇ ದೇಶದಲ್ಲಿ ೧೯೯೭ರವರೆಗೆ, ಮದುವೆಯ ಮುಖ್ಯ ಉದ್ದೇಶ ದೇಶಪ್ರವೇಶವಲ್ಲವೆಂದು ಅರ್ಜಿದಾರನೇ ಸಾಧಿಸಿ ತೋರಿಸಬೇಕಾಗಿತ್ತು. ಇಲ್ಲದ ಉದ್ದೇಶವನ್ನು ಇಲ್ಲವೆಂದು ಯಾರು ತಾನೆ ಸಾಧಿಸಬಲ್ಲರು? ೨೦೧೨ರಲ್ಲಿ ಸಂಗಾತಿಯನ್ನು ಕರೆಸಿಕೊಳ್ಳುವವನ ವಾರ್ಷಿಕ ವರಮಾನ ೧೮,೬೦೦ ಪೌಂಡುಗಳಿಗೆ ಕಡಿಮೆಯಿರಕೂಡದೆಂದು ವಿಧಿಸಿ, ೨೦೨೪ರ ಏಪ್ರಿಲಿನಲ್ಲಿ ಅದನ್ನು ೨೯,೦೦೦ಕ್ಕೆ ಏರಿಸಿದರು. ಹೊರಗಿನಿಂದ ಬಂದವರು ಸರ್ಕಾರಕ್ಕೆ ಹೊರೆಯಾಗಬಾರದೆಂಬ ಕಾರಣವನ್ನು ಹೇಳುವುದುಂಟು. ಅದು ತೀರ ನಿಷ್ಕಾರಣವೂ ಅಲ್ಲ. ಆದರೆ ಅದರ ಫಲವೇನೆಂದರೆ, ಬಡವನ ದಾಂಪತ್ಯ ಎಷ್ಟು ಸತ್ಯವಾಗಿದ್ದರೂ ಬಾಗಿಲ ಹೊರಗೇ ಉಳಿಯುತ್ತದೆ. ಇಲ್ಲಿ ಅಳೆಯುತ್ತಿರುವುದು ಸಂಬಂಧದ ನಿಜವನ್ನಲ್ಲ, ಹಣದ ಚೀಲವನ್ನು. ಸಾಕ್ಷ್ಯ ಕೇಳುವ ಅಧಿಕಾರ ರಾಜ್ಯಕ್ಕೆ ಸತ್ಯಕ್ಕಾಗಿ ಬಂದದ್ದು. ಸತ್ಯವನ್ನು ಬಿಟ್ಟು ಬೇರೆಯದನ್ನು ಅಳೆಯತೊಡಗಿದಾಗ ಆ ಅಧಿಕಾರದ ನೈತಿಕ ಬಲ ಕುಗ್ಗುತ್ತದೆ.

೫

ಇಷ್ಟು ರಾಜ್ಯದ ಧರ್ಮ. ಇನ್ನು ಅರ್ಜಿದಾರರ ಧರ್ಮ. ಇದೇ ಹೆಚ್ಚು ಸೂಕ್ಷ್ಮವಾದದ್ದು.

ಮೆಲ್ಬರ್ನಿನಲ್ಲಿ ನೆಲಸಿದ ಶಿವಮೊಗ್ಗೆಯ ವರನೊಬ್ಬನಿಗೂ ಧಾರವಾಡದ ಕನ್ಯೆಯೊಬ್ಬಳಿಗೂ ಮಾರ್ಗಶಿರದಲ್ಲಿ ನಿಶ್ಚಿತಾರ್ಥವಾಯಿತೆಂದು ಕಲ್ಪಿಸಿಕೊಳ್ಳಬಹುದು. ಕಲ್ಯಾಣಮಂಟಪ ಸಿಕ್ಕಿರುವುದು ವೈಶಾಖಕ್ಕೆ. ಅರ್ಜಿ ತೀರ್ಮಾನವಾಗುವುದಕ್ಕೆ ವರ್ಷವೇ ಹಿಡಿಯಬಹುದೆಂದು ತಿಳಿದ ಹಿರಿಯರೊಬ್ಬರು ಹೇಳುತ್ತಾರೆ: "ಹೇಗೂ ಆಗುವ ಮದುವೆಯಮ್ಮ. ಈಗಲೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತದೆ. ಬರೀ ಕಾಗದ ತಾನೆ?" ಕನ್ಯೆ ಕೇಳುತ್ತಾಳೆ: "ಹಾಗಾದರೆ ದೊಡ್ಡಪ್ಪ, ನಾಳೆಯಿಂದ ನಾನು ಮದುವೆಯಾದವಳೋ, ಆಗದವಳೋ?" ಹಿರಿಯರು ನಗುತ್ತಾರೆ. ಆದರೆ ಪ್ರಶ್ನೆ ನಗುವಂಥದಲ್ಲ.

ಇಂತಹ ರೂಢಿ ಕಲ್ಪನೆಯಲ್ಲ. ೨೦೨೪ರ ಏಪ್ರಿಲಿನಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಒಂದು ಪ್ರಕರಣ ತೀರ್ಮಾನವಾಯಿತು. ವಿಮಾನಚಾಲನೆಯಲ್ಲಿ ತರಬೇತಿ ಪಡೆದ ಯುವಕಯುವತಿಯರಿಬ್ಬರು ಶಾಸ್ತ್ರೋಕ್ತವಾಗಿ ಮದುವೆಯಾಗುವ ಮೊದಲೇ ಸಂಸ್ಥೆಯೊಂದರಿಂದ ಪ್ರಮಾಣಪತ್ರ ಪಡೆದು ನೋಂದಾಯಿಸಿಕೊಂಡಿದ್ದರು. ಮದುವೆಗೆ ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಮನಸ್ಸು ಮುರಿಯಿತು. ಕರ್ಣಾಟಕದವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಪೀಠವು, ೧೯೫೫ರ ಹಿಂದೂ ವಿವಾಹ ಶಾಸನದ ೭ನೆಯ ವಿಧಿಯಂತೆ ಸಂಸ್ಕಾರ ನಡೆಯದೆ ಇರುವಲ್ಲಿ ನೋಂದಣಿಯಿಂದ ಮಾತ್ರ ವಿವಾಹವಾಗುವುದಿಲ್ಲವೆಂದು ಹೇಳಿ, ಆ ಪತ್ರವನ್ನು ಶೂನ್ಯವೆಂದು ಸಾರಿತು. ಸಪ್ತಪದಿಯುಳ್ಳ ಪದ್ಧತಿಯಲ್ಲಿ ಏಳನೆಯ ಹೆಜ್ಜೆಯಿಟ್ಟಾಗಲೇ ವಿವಾಹ ಪೂರ್ಣವೆಂದು ಆ ವಿಧಿಯ ಅಭಿಪ್ರಾಯ. ನೋಂದಣಿಯು ನಡೆದ ಮದುವೆಗೆ ಸಾಕ್ಷ್ಯವೇ ಹೊರತು ನಡೆಯದ ಮದುವೆಗೆ ಬದಲಲ್ಲ. ಪರದೇಶದ ವೀಸಾಕ್ಕಾಗಿ ಕಾಲ ಉಳಿಸಲೆಂದು ಮದುವೆಗೆ ಮುಂಚೆಯೇ ನೋಂದಾಯಿಸುವ ರೂಢಿಯನ್ನು ನ್ಯಾಯಾಲಯವು ಅದೇ ತೀರ್ಪಿನಲ್ಲಿ ಹೆಸರಿಸಿಯೇ ಖಂಡಿಸಿತು.

ಆ ಖಂಡನೆಯಲ್ಲಿ ಶಾಸ್ತ್ರದ ಹಟವಿಲ್ಲ, ಕರುಣೆಯುಂಟು. ಕಾಗದದಲ್ಲಿ ಮದುವೆಯಾಗಿ ಮನೆಯಲ್ಲಿ ಆಗದವಳಾಗಿರುವ ಹೆಣ್ಣಿನ ಸ್ಥಿತಿಯನ್ನು ಯೋಚಿಸಬೇಕು. ನಾಲ್ಕು ತಿಂಗಳಲ್ಲಿ ಭೇದ ಹುಟ್ಟಿ ಸಂಬಂಧ ಮುರಿದರೆ, ಆಕೆ ಮತ್ತೊಂದು ಮದುವೆಗೆ ಸ್ವತಂತ್ರಳೆ? ಪತ್ರವು ಅಲ್ಲವೆನ್ನುತ್ತದೆ. ಆತನ ಆಸ್ತಿಯಲ್ಲಿ, ಮನೆಯಲ್ಲಿ ಆಕೆಗೆ ಸ್ಥಾನವುಂಟೆ? ಶಾಸನವು ಇಲ್ಲವೆನ್ನುತ್ತದೆ. ಹೆಂಡತಿಯ ಬಂಧನಗಳು ಬಂದುವು, ಹೆಂಡತಿಯ ಹಕ್ಕುಗಳು ಬರಲಿಲ್ಲ. "ಬರೀ ಕಾಗದ" ಎಂದವರು ಆಗ ಆಕೆಯ ಪಕ್ಕದಲ್ಲಿ ನಿಲ್ಲುವರೆ? ಕಾಗದದ ಭಾರವನ್ನು ಹೊರುವುದು ಯಾವಾಗಲೂ ಇಬ್ಬರಲ್ಲಿ ಬಲಹೀನರಾದವರೇ.

ಅವಸರವಿರುವವರಿಗೆ ನೇರವಾದ ದಾರಿಯಿಲ್ಲವೆಂದಲ್ಲ. ಹತ್ತಿರದವರನ್ನಷ್ಟೆ ಕರೆದು, ಮನೆಯ ಅಂಗಳದಲ್ಲಿಯೋ ದೇವಸ್ಥಾನದಲ್ಲಿಯೋ ಧಾರೆಯೆರೆದು, ಏಳು ಹೆಜ್ಜೆ ನಡೆಸಿ, ಆಮೇಲೆ ರುಜು ಹಾಕಬಹುದು. ಊಟದ ಸಂಭ್ರಮ ವೈಶಾಖದಲ್ಲಿ ಆಗಲಿ. ಸಂಸ್ಕಾರವೇ ಬೇಡವೆನ್ನುವವರಿಗೆ ೧೯೫೪ರ ವಿಶೇಷ ವಿವಾಹ ಶಾಸನವುಂಟು. ೩೦ ದಿನಗಳ ಪ್ರಕಟಣೆಯ ನಂತರ ಅಧಿಕಾರಿಯ ಮತ್ತು ಮೂವರು ಸಾಕ್ಷಿಗಳ ಮುಂದೆ ಆಡುವ ಮಾತೇ ಅಲ್ಲಿ ವಿವಾಹ. ಆದರೆ ಆ ದಿನದಿಂದ ತಾವು ದಂಪತಿಗಳೆಂದು ಅವರೂ ಅವರ ಮನೆಯವರೂ ನಿಜವಾಗಿ ಎಣಿಸಬೇಕು. ಎರಡೂ ಆಗದಿದ್ದರೆ, ಮದುವೆಯಾಗಲಿರುವವರೆಂದೇ ಹೇಳಿಕೊಂಡು ಹೋಗುವುದಕ್ಕೆ ಆಸ್ಟ್ರೇಲಿಯದ ನಿಯಮಗಳಲ್ಲಿ ಪ್ರತ್ಯೇಕ ವೀಸಾ ಉಂಟು. ಈ ದಾರಿಗಳಲ್ಲಿ ಖರ್ಚೋ ಕಾಲವೋ ಸ್ವಲ್ಪ ಹೆಚ್ಚಾಗಬಹುದು. ಆದರೆ ಎಲ್ಲದರಲ್ಲಿಯೂ ಕಾರ್ಯ ಮುಂದೆ, ಕಾಗದ ಹಿಂದೆ.

೬

ಇಲ್ಲಿ ಒಂದು ಆಕ್ಷೇಪ ಬರಬಹುದು. ರಾಜ್ಯದ ನಿಯಮವೇ ಅನ್ಯಾಯವಾಗಿರುವಾಗ, ಅದರೆದುರಿಗೆ ಒಂದಿಷ್ಟು ಬಣ್ಣ ಹಚ್ಚಿದರೆ ಪಾಪವೇನು? ಬೆಂಕಿ ನಿಜವಾಗಿದ್ದರೂ ಹೊಗೆಯಿಲ್ಲದವನು ಒಂದು ಹಿಡಿ ಹಸಿ ಹುಲ್ಲನ್ನು ಹಾಕಿದರೆ ತಪ್ಪೆ?

ಇದಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ. ೧೯೧೩ರ ಮಾರ್ಚಿ ೧೪ರಂದು ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬವರು ಕೊಟ್ಟ ತೀರ್ಪಿನಿಂದ, ಕ್ರೈಸ್ತವಿಧಿಯಂತೆ ನಡೆಯದ, ನೋಂದಣಿಯೂ ಆಗದ ವಿವಾಹಗಳು ಅಲ್ಲಿಯ ಕಾನೂನಿನಲ್ಲಿ ವಿವಾಹಗಳೇ ಅಲ್ಲವೆಂದಾಯಿತು. ಸಾವಿರಾರು ಭಾರತೀಯ ಗೃಹಿಣಿಯರು ಒಂದೇ ದಿನದಲ್ಲಿ ಗಂಡಂದಿರ ಪತ್ನಿಯರಲ್ಲದವರಾದರು. ಪರದೇಶದಲ್ಲಿ ಗಂಡನನ್ನು ಕೂಡುವ ಅವರ ಹಕ್ಕು ಸಂಶಯಕ್ಕೀಡಾಯಿತು. ಆಗ ಕಸ್ತೂರಬಾ ಮುಂತಾದ ಸ್ತ್ರೀಯರು ಮಾಡಿದ್ದೇನು? ಸುಳ್ಳು ಪತ್ರಗಳನ್ನು ಹುಟ್ಟಿಸಲಿಲ್ಲ. ಅನುಜ್ಞೆಯಿಲ್ಲದೆ ಟ್ರಾನ್ಸ್‌ವಾಲಿನ ಗಡಿಯನ್ನು ಬಹಿರಂಗವಾಗಿ ದಾಟಿದರು. ಮೂರು ತಿಂಗಳ ಕಠಿಣ ಸಜೆಯನ್ನು ಅನುಭವಿಸಿದರು. ೧೯೧೪ರಲ್ಲಿ ಬಂದ ಭಾರತೀಯ ಪರಿಹಾರ ಶಾಸನವು ಆ ವಿವಾಹಗಳಿಗೆ ಮಾನ್ಯತೆ ಕೊಟ್ಟಿತು. ಅನ್ಯಾಯದ ನಿಯಮವನ್ನು ಎದುರಿಸುವವನು ಅದನ್ನು ಎಲ್ಲರಿಗಾಗಿಯೂ ಬದಲಿಸುತ್ತಾನೆ. ವಂಚಿಸುವವನು ತನಗೊಬ್ಬನಿಗೆ ಅನುಕೂಲ ಮಾಡಿಕೊಂಡು, ಮುಂದೆ ಬರುವ ಸತ್ಯವಂತನ ಮೇಲೆ ಅಧಿಕಾರಿಯ ಸಂಶಯವನ್ನು ಇಮ್ಮಡಿಸುತ್ತಾನೆ. ಒಬ್ಬನು ಎಬ್ಬಿಸಿದ ಸುಳ್ಳು ಹೊಗೆಯಿಂದ ಇನ್ನೊಬ್ಬನ ನಿಜವಾದ ಬೆಂಕಿ ಮರೆಯಾಗುತ್ತದೆ. ವಂಚನೆ ಬಯಲಾದರೆ ತನಗೂ ಹಾನಿಯೇ. ಸುಳ್ಳು ದಾಖಲೆ ಕೊಟ್ಟವರ ಅರ್ಜಿಯನ್ನು ತಿರಸ್ಕರಿಸಿ, ಮೂರು ವರ್ಷಗಳವರೆಗೆ ಮತ್ತೆ ವೀಸಾ ದೊರೆಯದಂತೆ ಮಾಡುವ ನಿಯಮ ಆಸ್ಟ್ರೇಲಿಯದಲ್ಲಿದೆ. ಆದರೆ ಸುಳ್ಳು ಕೂಡದೆಂಬುದಕ್ಕೆ ಶಿಕ್ಷೆಯ ಭಯವೊಂದೇ ಕಾರಣವಾದರೆ ಅದು ಧರ್ಮವಾಗದು, ಎಚ್ಚರಿಕೆಯಾದೀತು.

ಇನ್ನೊಂದು ಹಾನಿ ಒಳಗಿನದು. ಒಬ್ಬರ ಮೇಲೆ ಒಬ್ಬರು ಭರವಸೆಯಿಟ್ಟು ನಡೆಯಬೇಕಾದ ದಾಂಪತ್ಯದ ಮೊದಲ ಜಂಟಿ ಕಾರ್ಯವೇ ಒಂದು ಸುಳ್ಳಾದರೆ, ಅದರ ಮೇಲೆ ಕಟ್ಟಿದ ಮನೆ ಎಂತಹುದು? ಅದರಲ್ಲಿಯೂ ಸಂಗಾತಿ ವೀಸಾದ ಸ್ವಭಾವವೇ ಇಬ್ಬರನ್ನು ಅಸಮಾನರನ್ನಾಗಿ ನಿಲ್ಲಿಸುವುದು. ಒಬ್ಬನು ಕರೆಸಿಕೊಳ್ಳುವವನು, ಒಬ್ಬಳು ಕರೆಸಿಕೊಂಡವಳು. ಒಬ್ಬನ ನೆಲೆ ಗಟ್ಟಿ, ಒಬ್ಬಳದು ಆತನ ಮಾತಿನ ಮೇಲೆ. ಅಮೆರಿಕದಲ್ಲಿ ಎಚ್-೧ಬಿ ನೌಕರರ ಸಂಗಾತಿಗಳಿಗೆ, ಎಂಜಿನಿಯರುಗಳೂ ವೈದ್ಯೆಯರೂ ಆಗಿದ್ದರೂ, ದುಡಿಯುವ ಅಧಿಕಾರ ೨೦೧೫ರವರೆಗೆ ಇರಲಿಲ್ಲ; ಆಗ ಬಂದ ನಿಯಮವು ಒಂದು ವರ್ಗದವರಿಗೆ ಮಾತ್ರ ಅದನ್ನು ಕೊಟ್ಟಿತು. ಕರ್ಣಾಟಕದಿಂದ ಹೋದ ಪದವೀಧರೆಯರೂ ಅವರಲ್ಲಿದ್ದರು. ಗಂಡನ ಹಿಂಸೆಯಿಂದ ಸಂಬಂಧ ಮುರಿದರೂ ಹೆಂಡತಿಯ ನೆಲೆ ತಪ್ಪದಂತೆ ಆಸ್ಟ್ರೇಲಿಯದ ಕಾನೂನು ಏರ್ಪಾಡು ಮಾಡಿರುವುದು ಈ ಅಸಮತೆಯನ್ನರಿತೇ. ಆದರೆ ಕಾನೂನು ತಲಪುವುದು ಅನಾಹುತವಾದ ಮೇಲೆ. ಅದಕ್ಕೆ ಮೊದಲು ಕಾಯತಕ್ಕದ್ದು ಕರೆಸಿಕೊಳ್ಳುವವನ ಧರ್ಮಬುದ್ಧಿ. ತನ್ನ ರುಜುವಿನಿಂದ ಒಬ್ಬಳ ಜೀವನ ತೂಗುತ್ತಿದೆಯೆಂಬುದನ್ನು ಆತನು ಉಪಕಾರವೆಂದೆಣಿಸದೆ ಋಣವೆಂದೆಣಿಸಬೇಕು.

ಪ್ರಮಾಣವು ಸತ್ಯದ ಸೇವಕ. ಸೇವಕನು ಒಡೆಯನ ಹಿಂದೆ ನಡೆದರೆ ಮನೆಗೆ ಶೋಭೆ. ರಾಜ್ಯವು ಸೇವಕನನ್ನು ಕಂಡು ಒಡೆಯನಿರುವನೆಂದು ನಂಬಬಹುದು. ಸೇವಕನ ಉಡುಪು ಬಡತನದ್ದೆಂದು ಒಡೆಯನೇ ಇಲ್ಲವೆನ್ನಬಾರದು. ದಂಪತಿಗಳು ಸೇವಕನನ್ನು ಕರೆತರಬಹುದು. ಒಡೆಯನಿಲ್ಲದ ಮನೆಯಲ್ಲಿ ಸೇವಕನಿಗೆ ಒಡೆಯನ ವೇಷ ಹಾಕಬಾರದು. ಧಾರವಾಡದ ಆ ಕನ್ಯೆ ಕೇಳಿದ ಪ್ರಶ್ನೆ, ತಾನು ಮದುವೆಯಾದವಳೋ ಆಗದವಳೋ ಎಂಬುದು, ವೀಸಾ ಕಚೇರಿಯ ಎಲ್ಲ ಪ್ರಶ್ನೆಗಳಿಗಿಂತ ಹಿರಿದಾದದ್ದು. ಆ ಪ್ರಶ್ನೆಗೆ ಒಂದೇ ಉತ್ತರವಿರುವ ಮನೆಯವರು ಕಚೇರಿಯ ಮುಂದೆ ನಿರ್ಭಯವಾಗಿ ನಿಲ್ಲಬಹುದು. ಅನುಜ್ಞೆ ಇಂದೇ ದೊರೆಯಲಿ, ವರ್ಷ ಕಳೆದು ದೊರೆಯಲಿ, ಅಲ್ಲಿಯವರೆಗೆ ಕಾಯುವುದೂ ಅವರ ದಾಂಪತ್ಯದ ಒಂದು ಭಾಗವೇ ಆಗುತ್ತದೆ.